ಮೊದಲು ಹಾರಿಸಿ ನೋಡಿದವರು

ಹೋದ ವರ್ಷ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿದೆ. ಬೆಂಗಳೂರಿಂದ ದಿಲ್ಲಿಗೆ. ಕಿಟಕಿ ಪಕ್ಕದ ಸೀಟೇ ಬೇಕು ಅಂತ ತಿಂಗಳ ಮುಂಚೆಯೇ ಹೇಳಿಟ್ಟಿದ್ದವಳು, ಬೆಲ್ಟ್ ಬಿಗಿದುಕೊಂಡ ಮೇಲೆ ಕಿಟಕಿ ಕಡೆ ತಿರುಗಿಯೂ ನೋಡಲಿಲ್ಲ. ವಿಮಾನ ರನ್‌ವೇ ಮೇಲೆ ಓಡೋಕೆ ಶುರು ಮಾಡಿದಾಗ ನನ್ನ ಕೈ ಗಟ್ಟಿಯಾಗಿ ಹಿಡಿದು ಕೇಳಿದಳು: "ಅಲ್ವೇ, ಇದನ್ನ ಎಲ್ಲರಿಗಿಂತ ಮೊದ್ಲು ಹಾರ್ಸಿ ನೋಡ್ದೋರು ಯಾರು? ಹಾರತ್ತೆ ಅಂತ ಅವ್ರಿಗೆ ಹೆಂಗೆ ಗೊತ್ತಿತ್ತು?"

"ಅದಕ್ಕೇ ಅಂತ ಟೆಸ್ಟ್ ಪೈಲಟ್ ಇರ್ತಾರಮ್ಮ."

"ನೀನು ಆಫೀಸಲ್ಲಿ ಮಾಡ್ತೀಯಲ್ಲ, ಹಂಗಾ?"

ನಗು ಬಂತು. ನಾನು ಸಾಫ್ಟ್‌ವೇರ್ ಟೆಸ್ಟರ್. ಡೆವಲಪರ್‌ಗಳು ಬರೆದ ಆ್ಯಪ್ ಎಲ್ಲೆಲ್ಲಿ ಕೈ ಕೊಡತ್ತೆ ಅಂತ ಹುಡುಕಿ ಹೇಳೋದು ನನ್ನ ಸಂಬಳದ ಕೆಲಸ. ನಮ್ಮಲ್ಲಿ ಏನಾದರೂ ಬಿದ್ದರೆ ಸ್ಕ್ರೀನ್ ಮೇಲೆ ಕೆಂಪಕ್ಷರ ಬರತ್ತೆ, ನಾಲ್ಕು ಜನ ಮೀಟಿಂಗ್ ಕರೀತಾರೆ, ಅಷ್ಟೇ. ಯಾರ ಮನೆಗೂ ಶವ ಬರೋದಿಲ್ಲ. ಆದರೂ ಅಮ್ಮ ಕೇಳಿದ್ದು ತಲೆಯಲ್ಲಿ ಉಳಿದುಬಿಟ್ಟಿತು. ಊರಿಂದ ವಾಪಸ್ ಬಂದ ಮೇಲೆ ಓದೋಕೆ ಕೂತೆ. ಹಾಗೆ ಸಿಕ್ಕಿದ ಹೆಸರು ಜಾನ್ ಕನಿಂಗ್‌ಹ್ಯಾಮ್. ಜೆಟ್ ಎಂಜಿನ್ ಇರುವ ಪ್ರಯಾಣಿಕ ವಿಮಾನವನ್ನು ಪ್ರಪಂಚದಲ್ಲಿ ಮೊಟ್ಟಮೊದಲು ಹಾರಿಸಿದ ಮನುಷ್ಯ.

1949ರ ಜುಲೈ 27. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾರ್ಖಾನೆ. ಅಲ್ಲಿ ತಯಾರಾದ ಕಾಮೆಟ್ ಎಂಬ ವಿಮಾನವನ್ನು ಆ ಸಂಜೆ ಕನಿಂಗ್‌ಹ್ಯಾಮ್ ಮೇಲಕ್ಕೇರಿಸಿದರು. ಜೊತೆಗೆ ಇನ್ನು ನಾಲ್ಕು ಜನ. ಸುಮಾರು ಹತ್ತು ಸಾವಿರ ಅಡಿ ಏರಿ, 31 ನಿಮಿಷ ಹಾರಿ, ವಾಪಸ್ ಇಳಿಸಿದರು. ಅವತ್ತು ಅವರ 32ನೇ ಹುಟ್ಟುಹಬ್ಬ. ಕಂಪನಿಯ ಯಜಮಾನ ಸರ್ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಅವರ ಹುಟ್ಟುಹಬ್ಬವೂ ಅವತ್ತೇ, ಅವರಿಗೆ 67.

ಈ ಯಜಮಾನರ ಮನೆಯ ಕಥೆ ಗೊತ್ತಾದರೆ ಆ ಸಂಜೆ ಬೇರೆ ಥರ ಕಾಣತ್ತೆ. ಅವರಿಗೆ ಮೂರು ಗಂಡುಮಕ್ಕಳು. ಕಿರಿಯ ಮಗ ಜಾನ್ 1943ರಲ್ಲಿ ಎರಡು ಮಾಸ್ಕಿಟೊ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದಾಗ ತೀರಿಕೊಂಡರು. ಹಿರಿಯ ಮಗ ಜೆಫ್ರಿ ಕಂಪನಿಯ ಮುಖ್ಯ ಟೆಸ್ಟ್ ಪೈಲಟ್. 1946ರ ಸೆಪ್ಟೆಂಬರ್ 27ರಂದು ಡಿಎಚ್ 108 ಎಂಬ ಬಾಲದ ರೆಕ್ಕೆಯಿಲ್ಲದ ಪ್ರಯೋಗದ ವಿಮಾನ ಥೇಮ್ಸ್ ನದಿಮುಖದ ಮೇಲೆ ಚೂರುಚೂರಾಯಿತು. ಒಳಗಿದ್ದ ಜೆಫ್ರಿ ಹೋದರು. ಆ ಕುರ್ಚಿಗೆ ಬಂದವರೇ ಕನಿಂಗ್‌ಹ್ಯಾಮ್. ಆ ಮಾದರಿಯಲ್ಲಿ ಕಟ್ಟಿದ್ದೇ ಮೂರು ವಿಮಾನ. ಉಳಿದೆರಡೂ 1950ರಲ್ಲಿ ಬಿದ್ದವು, ತಲಾ ಒಬ್ಬೊಬ್ಬ ಪೈಲಟ್‌ನನ್ನು ಕರೆದುಕೊಂಡು. ಮೂರಕ್ಕೆ ಮೂರು. ಹಾಗಂತ ಹುಟ್ಟುಹಬ್ಬದ ದಿನ ಆ ಮುದುಕರ ಎದೆಯಲ್ಲಿ ಏನಿತ್ತೋ ನಾನು ಊಹೆ ಮಾಡೋಕೆ ಹೋಗಲ್ಲ.

ಕನಿಂಗ್‌ಹ್ಯಾಮ್ ಈ ಕಂಪನಿಯಲ್ಲೇ ಕೆಲಸ ಕಲಿತವರು. ಯುದ್ಧಕ್ಕೆ ಮುಂಚೆ, 1939ರಲ್ಲಿ, ಇದೇ ಜೆಫ್ರಿ ಜೊತೆ ಮಾತ್ ಮೈನರ್ ಎಂಬ ಪುಟ್ಟ ವಿಮಾನವನ್ನು ಬೇಕಂತಲೇ ಗಿರಗಿರ ತಿರುಗಿಸಿ ಪರೀಕ್ಷೆ ಮಾಡ್ತಿದ್ದರು. ತಿರುಗೋಕೆ ಶುರುವಾದ ವಿಮಾನ ನಿಲ್ಲಲೇ ಇಲ್ಲ. ಇಬ್ಬರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದರು. ಯುದ್ಧದಲ್ಲಿ ರಾತ್ರಿ ಹೊತ್ತು ಶತ್ರು ವಿಮಾನಗಳನ್ನು ಬೇಟೆಯಾಡುವ ಪಡೆ ಸೇರಿ ಇಪ್ಪತ್ತು ವಿಮಾನ ಉರುಳಿಸಿದರು. ರೇಡಾರ್ ಇದ್ದದ್ದನ್ನು ಗುಟ್ಟಾಗಿಡೋಕೆ ಬ್ರಿಟಿಷ್ ಸರ್ಕಾರ 'ಇವರಿಗೆ ಬೆಕ್ಕಿನ ಕಣ್ಣು, ಕ್ಯಾರೆಟ್ ತಿಂತಾರೆ' ಅಂತ ಪತ್ರಿಕೆಗಳಲ್ಲಿ ಹಬ್ಬಿಸಿತು. ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಕಾಣತ್ತೆ ಅಂತ ನಮ್ಮನ್ನು ಚಿಕ್ಕವರಿದ್ದಾಗ ಹೆದರಿಸಿ ತಿನ್ನಿಸ್ತಿದ್ರಲ್ಲ, ಅದರಲ್ಲಿ ಈ ಪ್ರಚಾರದ ಪಾಲೂ ಇದೆ! 'ಬೆಕ್ಕಿನ ಕಣ್ಣು' ಅನ್ನೋ ಅಡ್ಡಹೆಸರು ಅವರಿಗೆ ಕೊನೇವರೆಗೂ ಇಷ್ಟ ಆಗಲಿಲ್ಲ. ಮದುವೆಯಾಗಲಿಲ್ಲ, ತಾಯಿ ಇರುವವರೆಗೂ ತಾಯಿಯ ಜೊತೆಯಲ್ಲೇ ಇದ್ದರು. ಅಮ್ಮನಿಗೆ ಇದನ್ನು ಹೇಳಿದಾಗ "ಪಾಪ, ಆಯಮ್ಮ ದಿನಾ ಸಂಜೆ ಬಾಗ್ಲಲ್ಲೇ ನಿಂತಿರ್ತಿದ್ಲೇನೋ" ಅಂದಳು.

ಟೆಸ್ಟ್ ಪೈಲಟ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಸಿನಿಮಾದ ಹೀರೊ. ಚರ್ಮದ ಜಾಕೆಟ್, ಕರಿ ಕನ್ನಡಕ. ಆದರೆ ಪ್ರಯಾಣಿಕ ವಿಮಾನದ ಟೆಸ್ಟ್ ಪೈಲಟ್‌ನ ದಿನ ಬಹುಮಟ್ಟಿಗೆ ಬೋರಿಂಗ್. ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕು. ವೇಗ ಇಳಿಸುತ್ತಾ ಇಳಿಸುತ್ತಾ ರೆಕ್ಕೆ ಕೈಬಿಡುವ ಹಂತಕ್ಕೆ ತರಬೇಕು. ಇದಕ್ಕೆ ಸ್ಟಾಲ್ ಅಂತಾರೆ. ಆಮೇಲೆ ಚಕ್ರ ಇಳಿಸಿ ಅದನ್ನೇ ಮಾಡು. ಫ್ಲಾಪ್ ಬಿಚ್ಚಿ ಮಾಡು. ಭಾರವನ್ನು ಹಿಂದಕ್ಕೆ ಸರಿಸಿ ಮಾಡು. ಒಂದು ಎಂಜಿನ್ ಆರಿಸಿ ಮಾಡು. ಪ್ರತಿ ಸಲವೂ ಅಂಕಿ ಬರೆದುಕೊಳ್ಳಬೇಕು. ಇಳಿದ ಮೇಲೆ ಎಂಜಿನಿಯರುಗಳ ಎದುರು ಕೂತು 'ಇಲ್ಲಿ ಸರಿ ಇಲ್ಲ' ಅಂತ ಹೇಳಬೇಕು. ಟೆಸ್ಟಿಂಗ್ ಕೆಲಸದಲ್ಲಿರೋ ನನ್ನಂಥವರಿಗೆ ಇದು ಅಪರಿಚಿತ ಅಲ್ಲವೇ ಅಲ್ಲ. 'ಸರಿ ಇಲ್ಲ' ಅನ್ನೋ ಮಾತು ಯಾವ ರೂಮಿನಲ್ಲೂ ಯಾರಿಗೂ ಇಷ್ಟವಾಗಲ್ಲ, ಅದರಲ್ಲೂ ಬಿಡುಗಡೆ ದಿನ ಹತ್ತಿರ ಇದ್ದಾಗ.

ಕಾಮೆಟ್ ವಿಷಯದಲ್ಲಿ ಆ ದಿನ ಹತ್ತಿರವೇ ಇತ್ತು. ಅಮೆರಿಕದವರ ಹತ್ತಿರ ಆಗ ಜೆಟ್ ಪ್ರಯಾಣಿಕ ವಿಮಾನ ಇರಲಿಲ್ಲ. ಪ್ರೊಪೆಲರ್ ವಿಮಾನಗಳು ಗಂಟೆಗೆ 500 ಕಿಲೋಮೀಟರ್ ಆಸುಪಾಸಿನಲ್ಲಿ, ಮೋಡಗಳ ನಡುವೆ, ಗಡಗಡ ನಡುಗುತ್ತಾ ಹೋಗ್ತಿದ್ದ ಕಾಲ. ಕಾಮೆಟ್ 35-40 ಸಾವಿರ ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು 780 ಕಿಲೋಮೀಟರ್ ವೇಗದಲ್ಲಿ ನುಣ್ಣಗೆ ಹೋಗುತ್ತಿತ್ತು. 1952ರ ಮೇ 2ರಂದು ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟಿತು. 36 ಸೀಟು. ದಾರಿಯಲ್ಲಿ ಐದು ಕಡೆ ಇಳಿದೂ ಒಂದು ದಿನದೊಳಗೆ ತಲುಪಿತು.

ಆರು ತಿಂಗಳೂ ಕಳೆಯಲಿಲ್ಲ. 1952ರ ಅಕ್ಟೋಬರ್ 26, ರೋಮ್ ವಿಮಾನ ನಿಲ್ದಾಣ. ರಾತ್ರಿ, ಮಳೆ. ಬಿಒಎಸಿ ಕಂಪನಿಯ ಕ್ಯಾಪ್ಟನ್ ಹ್ಯಾರಿ ಫೂಟ್ ಎಂದಿನಂತೆ ರನ್‌ವೇ ಮೇಲೆ ಓಡಿಸಿ ಮೂತಿ ಎತ್ತಿದರು. ವಿಮಾನ ನೆಲ ಬಿಟ್ಟಂತಾಯಿತು, ಆದರೆ ಏರಲಿಲ್ಲ. ಒಂದು ರೆಕ್ಕೆ ವಾಲಿತು. ಫೂಟ್ ಎಂಜಿನ್ ತಗ್ಗಿಸಿ ನಿಲ್ಲಿಸಲು ನೋಡಿದರೂ ರನ್‌ವೇ ಮುಗಿದು ವಿಮಾನ ಮುರಿದುಬಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ತನಿಖೆ ಮಾಡಿದವರು ಪೈಲಟ್‌ನ ತಪ್ಪು ಅಂದರು. ಮೂತಿ ಜಾಸ್ತಿ ಎತ್ತಿದ್ದಾನೆ ಅಂತ. ಫೂಟ್‌ನನ್ನು ಕಾಮೆಟ್‌ನಿಂದ ತೆಗೆದು ಹಳೇ ಯಾರ್ಕ್ ಸರಕು ವಿಮಾನಕ್ಕೆ ಹಾಕಿದರು.

1953ರ ಮಾರ್ಚ್ 3, ಕರಾಚಿ. ಕೆನಡಿಯನ್ ಪೆಸಿಫಿಕ್ ಕಂಪನಿಗೆ ಸೇರಿದ ಹೊಚ್ಚ ಹೊಸ ಕಾಮೆಟ್. ನಸುಕಿನ ಕತ್ತಲು, ತುಂಬು ಭಾರ. ಮೂತಿ ಎದ್ದಿತು, ವಿಮಾನ ಏಳಲಿಲ್ಲ. ರನ್‌ವೇ ಆಚೆಗಿದ್ದ ಒಣ ಕಾಲುವೆಗೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ ಹನ್ನೊಂದೂ ಜನ ಹೋದರು. ಅವರಲ್ಲಿ ಡಿ ಹ್ಯಾವಿಲ್ಯಾಂಡ್ ಕಂಪನಿಯ ತಂತ್ರಜ್ಞರೂ ಇದ್ದರು.

ಎರಡು ವಿಮಾನ, ಇಬ್ಬರು ಅನುಭವಿ ಕ್ಯಾಪ್ಟನ್‌ಗಳು, ಒಂದೇ 'ತಪ್ಪು'. ಒಂದೇ ಬಗ್ ಇಬ್ಬರು ಬೇರೆ ಬೇರೆ ಬಳಕೆದಾರರಿಂದ ಬಂದರೆ ಬಳಕೆದಾರನನ್ನು ಬೈಯೋದು ನಿಲ್ಲಿಸಿ ಅಂತ ನಮ್ಮ ಕೆಲಸದಲ್ಲಿ ಮೊದಲ ವಾರವೇ ಹೇಳಿಕೊಡ್ತಾರೆ. ಕಾಮೆಟ್‌ನ ರೆಕ್ಕೆಯ ಮುಂದಿನ ಅಂಚು ಹೇಗಿತ್ತೆಂದರೆ, ನೆಲದ ಮೇಲೆ ಓಡುವಾಗ ಮೂತಿ ಚೂರು ಜಾಸ್ತಿ ಎದ್ದರೂ ಗಾಳಿ ರೆಕ್ಕೆಗೆ ಅಂಟಿಕೊಳ್ಳುತ್ತಿರಲಿಲ್ಲ. ಎಳೆತ ಜಾಸ್ತಿಯಾಗುತ್ತಿತ್ತು, ವೇಗ ಏರುತ್ತಿರಲಿಲ್ಲ. ಜೊತೆಗೆ ಕಾಮೆಟ್‌ನ ಹಿಡಿಕೆ ಹೈಡ್ರಾಲಿಕ್‌ನಿಂದ ನಡೆಯುವಂಥದ್ದು. ಹಳೆಯ ವಿಮಾನಗಳಲ್ಲಿ ಗಾಳಿಯ ಒತ್ತಡ ಪೈಲಟ್‌ನ ಅಂಗೈಗೆ ತಾಗುತ್ತಿತ್ತು. ಇದರಲ್ಲಿ ಆ ಸ್ಪರ್ಶವೇ ಇಲ್ಲ. ಮಳೆಯ ರಾತ್ರಿ, ಹೊರಗೆ ಆಕಾಶ ಎಲ್ಲಿ ನೆಲ ಎಲ್ಲಿ ಅಂತ ಕಾಣಲ್ಲ, ಕೈಗೂ ಏನೂ ತಿಳಿಯಲ್ಲ.

ಕನಿಂಗ್‌ಹ್ಯಾಮ್ ಕೈಯಲ್ಲಿ ಇದೇ ವಿಮಾನ ಮುದ್ದಾಗಿ ಏಳುತ್ತಿತ್ತು. ಅವರು ಪ್ರಪಂಚದ ಅತ್ಯುತ್ತಮ ಪೈಲಟ್‌ಗಳಲ್ಲಿ ಒಬ್ಬರು. ಎಷ್ಟು ಎತ್ತಬೇಕೋ ಅಷ್ಟೇ ಎತ್ತುವ ಕೈ. ನನ್ನ ಪ್ರಕಾರ ಸಮಸ್ಯೆ ಇದ್ದದ್ದೇ ಅಲ್ಲಿ. ತುಂಬಾ ಚೆನ್ನಾಗಿ ಹಾರಿಸುವವನ ಕೈಯಲ್ಲಿ ವಿಮಾನದ ಕುಂದು ಬಚ್ಚಿಟ್ಟುಕೊಳ್ಳತ್ತೆ. ಆದರೆ ನಾಳೆ ಅದನ್ನು ಹಾರಿಸೋದು ಅವನಲ್ಲ. ಬೇರೆ ಯಾರೋ. ನಿದ್ದೆಗೆಟ್ಟವನು, ಮಳೆಯಲ್ಲಿ ಸಿಕ್ಕಿಕೊಂಡವನು, ನಿನ್ನೆ ಬೇರೆ ವಿಮಾನ ಹಾರಿಸಿ ಇವತ್ತು ಇದಕ್ಕೆ ಬಂದವನು.

ಇದು ನನಗೆ ಇಷ್ಟು ಚುಚ್ಚೋದಕ್ಕೆ ಕಾರಣ ಅಪ್ಪ. ನಮ್ಮದು ಮಲೆನಾಡಿನ ಅಡಿಕೆ ಮನೆ. ನಲವತ್ತು ವರ್ಷ ಅಡಿಕೆ ಸುಲಿದು ಅಪ್ಪನ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರ ಇಟ್ಟಾಗ ಅಪ್ಪನದು ಓದಲೇ ಇಲ್ಲ. ಒರೆಸಿ ಒತ್ತಿದರು, ಎಣ್ಣೆ ಸವರಿ ಒತ್ತಿದರು, ಎಡಗೈ ಒತ್ತಿದರು. ಹಿಂದೆ ನಿಂತವರು "ಸರಿಯಾಗಿ ಒತ್ತಿ ಭಟ್ರೇ" ಅಂದರು. ಅಪ್ಪ ತಾನೇ ಏನೋ ತಪ್ಪು ಮಾಡಿದೆ ಅನ್ನೋ ಮುಖ ಮಾಡಿಕೊಂಡು ಬರಿಗೈಲಿ ಮನೆಗೆ ಬಂದರು. ಆ ಯಂತ್ರವನ್ನೂ ಯಾರೋ ಟೆಸ್ಟ್ ಮಾಡಿರ್ತಾರೆ. ಎ.ಸಿ. ರೂಮಿನಲ್ಲಿ, ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಮೆತ್ತಗಿನ ಬೆರಳಿನಿಂದ. ಅವರ ಕೈಯಲ್ಲಿ ಅದು ಹಸಿರು ದೀಪ ತೋರಿಸಿರತ್ತೆ. ಹ್ಯಾರಿ ಫೂಟ್ ತನ್ನ ಹೆಸರು ತೊಳೆದುಕೊಳ್ಳೋಕೆ ವರ್ಷಗಟ್ಟಲೆ ಹೆಣಗಿದ ಅಂತ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅಪ್ಪನ ಆ ಮುಖ.

ಡಿ ಹ್ಯಾವಿಲ್ಯಾಂಡ್‌ನವರು ಆಮೇಲೆ ರೆಕ್ಕೆಯ ಅಂಚನ್ನು ಬದಲಾಯಿಸಿದರು. ಇನ್ನೂ ದೊಡ್ಡ ಬದಲಾವಣೆ ಟೆಸ್ಟ್ ಮಾಡುವ ರೀತಿಯಲ್ಲಿ ಬಂತು. ಈಗ ಹೊಸ ಪ್ರಯಾಣಿಕ ವಿಮಾನ ತಯಾರಾದಾಗ ಟೆಸ್ಟ್ ಪೈಲಟ್‌ಗಳು ಬೇಕಂತಲೇ ಒಡ್ಡೊಡ್ಡಾಗಿ ಹಾರಿಸಬೇಕು. ಬಾಲದ ಕೆಳಗೆ ರಕ್ಷಣೆಗೆ ಒಂದು ದಪ್ಪ ಪಟ್ಟಿ ಕಟ್ಟಿ, ಮೂತಿಯನ್ನು ವಿಪರೀತ ಎತ್ತಿ, ಬಾಲವನ್ನು ರನ್‌ವೇಗೆ ಉಜ್ಜಿಕೊಂಡೇ ಓಡಿಸುತ್ತಾರೆ. ಕಿಡಿ, ಹೊಗೆ ಹಾರತ್ತೆ. ಅಷ್ಟು ಕೆಟ್ಟದಾಗಿ ಎತ್ತಿದರೂ ಅದು ಯಾವ ವೇಗಕ್ಕೆ ನೆಲ ಬಿಡತ್ತೆ ಅಂತ ಅಳೆಯುತ್ತಾರೆ. ಯೂಟ್ಯೂಬ್‌ನಲ್ಲಿ ವಿಡಿಯೊ ಇವೆ, ನೋಡಿ. ಅತ್ಯುತ್ತಮ ಪೈಲಟ್ ಒಬ್ಬ ಅತಿ ಕೆಟ್ಟ ಪೈಲಟ್‌ನಂತೆ ನಟಿಸುವುದು! ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು.

ಕೈಯ ತೊಂದರೆ ಅರ್ಥವಾಯಿತು ಅನ್ನುವ ಹೊತ್ತಿಗೆ ಇನ್ನೊಂದು ಬಂತು, ಅದು ಯಾವ ಕೈಗೂ ಸಿಗುವಂಥದ್ದಲ್ಲ. 1953ರ ಮೇ 2, ಕಾಮೆಟ್ ಸೇವೆ ಶುರುವಾಗಿ ಸರಿಯಾಗಿ ಒಂದು ವರ್ಷ. ಕಲ್ಕತ್ತಾದ ಡಂಡಂನಿಂದ ದಿಲ್ಲಿಗೆ ಹೊರಟ ಕಾಮೆಟ್ ಬಿರುಗಾಳಿಯ ಮಳೆಗೆ ಸಿಕ್ಕಿ ಆಕಾಶದಲ್ಲೇ ಮುರಿಯಿತು. ಸತ್ತವರು 43. ಬಂಗಾಳದ ಕಾಲಬೈಶಾಖಿ ಎಂಥದ್ದು ಅಂತ ಗೊತ್ತಿದ್ದವರಿಗೆ ಗಾಳಿಯೇ ಕಾರಣ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1954ರ ಜನವರಿ 10ರ ಬೆಳಗ್ಗೆ ಆಕಾಶ ಶಾಂತವಾಗಿತ್ತು. ರೋಮ್‌ನಿಂದ ಲಂಡನ್‌ಗೆ ಹೊರಟಿದ್ದ ಕಾಮೆಟ್ ಎಲ್ಬಾ ದ್ವೀಪದ ಹತ್ತಿರ ಸಮುದ್ರಕ್ಕೆ ಚೂರಾಗಿ ಬಿತ್ತು. 35 ಜನ. ಅದು 'ಯೋಕ್ ಪೀಟರ್', ಮೊದಲ ದಿನ ಜೋಹಾನ್ಸ್‌ಬರ್ಗ್‌ಗೆ ಹೊರಟಿದ್ದ ಅದೇ ವಿಮಾನ. ಎಲ್ಲ ಕಾಮೆಟ್‌ಗಳನ್ನೂ ನಿಲ್ಲಿಸಿ, ಬೆಂಕಿ ಇರಬಹುದು, ಕಂಪನ ಇರಬಹುದು ಅಂತ ಹತ್ತಾರು ಬದಲಾವಣೆ ಮಾಡಿ, ಮಾರ್ಚ್ ಕೊನೆಗೆ ಮತ್ತೆ ಹಾರಿಸಿದರು. ಎರಡೇ ವಾರ. ಏಪ್ರಿಲ್ 8ಕ್ಕೆ ನೇಪಲ್ಸ್ ಹತ್ತಿರ ಇನ್ನೊಂದು ಬಿತ್ತು, 21 ಜನ.

ಕಾರಣ ಮೆಟಲ್ ಫಟೀಗ್, ಅಂದರೆ ಲೋಹದ ದಣಿವು. ಇಕ್ಕಳ ಇಲ್ಲದಾಗ ತಂತಿಯನ್ನು ಹೇಗೆ ಮುರೀತೀವಿ? ಆ ಕಡೆ ಈ ಕಡೆ ಬಗ್ಗಿಸಿ, ಬಗ್ಗಿಸಿ. ಹತ್ತನೇ ಸಲ ಗಟ್ಟಿ ಇದ್ದದ್ದು ಹನ್ನೊಂದನೇ ಸಲ ಪಟ್ಟಂತ ಹೋಗತ್ತೆ. ಕಾಮೆಟ್ ಅಷ್ಟು ಎತ್ತರ ಹೋಗುತ್ತಿದ್ದರಿಂದ ಒಳಗೆ ಗಾಳಿ ತುಂಬಬೇಕಿತ್ತು, ಪ್ರತಿ ಚದರ ಅಂಗುಲಕ್ಕೆ ಎಂಟು ಪೌಂಡಿಗೂ ಹೆಚ್ಚು ಒತ್ತಡ. ಪ್ರತಿ ಸಲ ಏರಿದಾಗ ಆ ತೆಳು ಅಲ್ಯುಮಿನಿಯಂ ಮೈ ಕೂದಲೆಳೆಯಷ್ಟು ಉಬ್ಬತ್ತೆ, ಇಳಿದಾಗ ಕುಗ್ಗತ್ತೆ. ಫಾರ್ನ್‌ಬರೋದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಅರ್ನಾಲ್ಡ್ ಹಾಲ್ ಅವರ ತಂಡ ಇಡೀ ಕಾಮೆಟ್ ಒಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡ ಏರಿಸಿ ಇಳಿಸಿ ಹಗಲೂ ರಾತ್ರಿ ನೋಡಿತು. ಗಾಳಿ ತುಂಬಿದ್ದರೆ ಒಡೆದಾಗ ಬಾಂಬಿನಂತೆ ಸಿಡಿಯುತ್ತಿತ್ತು, ನೀರಾದರೆ ಬರೀ ಬಿರುಕು ಬಿಡತ್ತೆ. ಆ ವಿಮಾನ ಮೊದಲು ಹಾರಿದ್ದು, ತೊಟ್ಟಿಯಲ್ಲಿ 'ಹಾರಿದ್ದು' ಎಲ್ಲಾ ಸೇರಿ ಸುಮಾರು 3,060 ಸಲಕ್ಕೆ ಕಿಟಕಿಯ ಮೂಲೆಯಿಂದ ಹರಿಯಿತು. ಯೋಕ್ ಪೀಟರ್ ಬಿದ್ದಾಗ ಅದಕ್ಕೆ ಆಗಿದ್ದದ್ದು 1,290 ಹಾರಾಟ. ನೇಪಲ್ಸ್‌ನದಕ್ಕೆ ಬರೀ 900.

(ವಾಟ್ಸ್‌ಆ್ಯಪ್‌ನಲ್ಲಿ 'ಚೌಕ ಕಿಟಕಿಯಿಂದ ಬಿದ್ದ ವಿಮಾನ' ಅಂತ ಒಂದು ಫಾರ್ವರ್ಡ್ ಓಡಾಡತ್ತೆ. ಕಾಮೆಟ್ ಕಿಟಕಿಯ ಮೂಲೆಗಳು ದುಂಡಗೇ ಇದ್ದವು. ಸಾಕಷ್ಟು ದುಂಡಗಿರಲಿಲ್ಲ, ಅಷ್ಟೆ. ಯೋಕ್ ಪೀಟರ್‌ನ ಬಿರುಕು ಪ್ರಯಾಣಿಕರ ಕಿಟಕಿಯಿಂದಲೂ ಅಲ್ಲ, ಮೇಲ್ಛಾವಣಿಯಲ್ಲಿ ಆಂಟೆನಾಗೆ ಕೊರೆದ ಕಿಂಡಿಯ ಹತ್ತಿರದಿಂದ ಹೊರಟಿತ್ತು.)

ಹಾಗಾದರೆ ಕಂಪನಿಯವರು ಇದನ್ನು ಟೆಸ್ಟ್ ಮಾಡಿರಲಿಲ್ಲವಾ? ಮಾಡಿದ್ದರು. ಇಲ್ಲಿಗೆ ಬಂದಾಗ ನಾನು ಓದೋದು ನಿಲ್ಲಿಸಿ ಎದ್ದು ಓಡಾಡಿದೆ. ವಿಮಾನದ ಮೈಯ ಒಂದು ತುಂಡನ್ನು ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದ್ದರು. ಅದು ಸುಮಾರು 16,000 ಸಲ ತಡೆದಿತ್ತು. ವಿಮಾನದ ಇಡೀ ಆಯುಷ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಆದರೆ ಅದೇ ತುಂಡನ್ನು ಅದಕ್ಕೂ ಮೊದಲು, ಎಷ್ಟು ಗಟ್ಟಿ ಇದೆ ನೋಡೋಣ ಅಂತ, ದುಪ್ಪಟ್ಟು ಒತ್ತಡಕ್ಕೆ ಒಡ್ಡಿದ್ದರು. ಆ ವಿಪರೀತ ಒತ್ತಡಕ್ಕೆ ಕಿಟಕಿ ಮೂಲೆಯ ಲೋಹ ಒಮ್ಮೆ ಹಿಗ್ಗಿ, ಬಿಟ್ಟಾಗ ಬಿಗಿದುಕೊಂಡು, ಮೊದಲಿಗಿಂತ ಗಡಸಾಗಿಬಿಟ್ಟಿತ್ತು. ಅಂದರೆ ಮೊದಲನೇ ಟೆಸ್ಟೇ ಆ ತುಂಡನ್ನು ಬಲಪಡಿಸಿತ್ತು. ಪ್ರಯಾಣಿಕರು ಕೂತ ವಿಮಾನಗಳಿಗೆ ಆ ಭಾಗ್ಯ ಸಿಕ್ಕಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್ ಎನ್‌ವಿರಾನ್‌ಮೆಂಟಿನಲ್ಲಿ ಪಾಸ್, ಪ್ರೊಡಕ್ಷನ್‌ನಲ್ಲಿ ಫೇಲ್. ಅಲ್ಲಿ ಯಾರೂ ಸೋಮಾರಿಗಳಿರಲಿಲ್ಲ, ಯಾರೂ ಸುಳ್ಳು ಬರೆದಿರಲಿಲ್ಲ. ನಿಯಮ ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದರು. ಲಾರ್ಡ್ ಕೊಹೆನ್ ಅವರ ವಿಚಾರಣೆಯೂ ಯಾರೊಬ್ಬರ ತಲೆಗೂ ತಪ್ಪು ಕಟ್ಟಲಿಲ್ಲ.

ಕನಿಂಗ್‌ಹ್ಯಾಮ್ ಅಷ್ಟೊಂದು ಗಂಟೆ ಕಾಮೆಟ್‌ನಲ್ಲಿ ಕೂತಿದ್ದರಲ್ಲ, ಅವರ ತಲೆಯ ಮೇಲಿನ ಲೋಹವೂ ಪ್ರತಿ ಸಲ ಹೀಗೇ ಬಗ್ಗುತ್ತಿತ್ತು. ಟೆಸ್ಟ್ ಪೈಲಟ್ ಕಿವಿಗೊಟ್ಟು ಕೇಳಬಹುದಾದ ಶಬ್ದ ಅದಲ್ಲ. ಅವರು ಓಡಿಹೋಗಲಿಲ್ಲ. ದಪ್ಪ ಮೈಯ, ಹೊಸ ಕಿಟಕಿಯ ಕಾಮೆಟ್‌ಗಳನ್ನೂ ಅವರೇ ಹಾರಿಸಿದರು. 1955ರ ಡಿಸೆಂಬರ್‌ನಲ್ಲಿ ಕಾಮೆಟ್ 3 ತಗೊಂಡು ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದರು. 1958ರ ಅಕ್ಟೋಬರ್ 4ರಂದು ಕಾಮೆಟ್ 4 ಅಟ್ಲಾಂಟಿಕ್ ದಾಟುವ ಮೊದಲ ಜೆಟ್ ಸೇವೆ ಶುರು ಮಾಡಿತು. ಮೂರೇ ವಾರಕ್ಕೆ ಅಮೆರಿಕದ ಬೋಯಿಂಗ್ 707 ಬಂತು, ಮಾರುಕಟ್ಟೆ ಅದರ ಪಾಲಾಯಿತು. ಕಾಮೆಟ್ ಕಲಿಸಿದ ಪಾಠ ಎಲ್ಲರಿಗೂ ಪುಕ್ಕಟೆ ಸಿಕ್ಕಿತ್ತು. ಫೀಸು ಕಟ್ಟಿದವರು ಬೇರೆ.

ಆಮೇಲಿನ ತಲೆಮಾರಿನ ವಿಮಾನಗಳ ಅಪಾಯ ಬೇರೆ ಬಗೆಯದು. 1963ರ ಅಕ್ಟೋಬರ್ 22ರಂದು ಬಿಎಸಿ 1-11 ವಿಮಾನವನ್ನು ಮೈಕ್ ಲಿತ್ಗೋ ಸ್ಟಾಲ್ ಪರೀಕ್ಷೆಗೆ ಒಡ್ಡಿದರು. ಒಂದು ಕಾಲಕ್ಕೆ ವೇಗದ ವಿಶ್ವದಾಖಲೆ ಇದ್ದ ಪೈಲಟ್. ಬಾಲದ ತುದಿಯಲ್ಲಿ ಎತ್ತರಕ್ಕೆ ರೆಕ್ಕೆ ಇಟ್ಟ ವಿನ್ಯಾಸ ಅದು. ಮುಖ್ಯ ರೆಕ್ಕೆ ಕೈಬಿಟ್ಟಾಗ ಅದರ ಹಿಂದಿನ ಕಲಕಿದ ಗಾಳಿ ಬಾಲವನ್ನೇ ಮುಚ್ಚಿಬಿಡುತ್ತಿತ್ತು. ಮೂತಿ ಇಳಿಸೋಣ ಎಂದರೆ ಬಾಲಕ್ಕೆ ಹಿಡಿತವೇ ಇಲ್ಲ. ವಿಮಾನ ಮಟ್ಟಸವಾಗಿ, ತಟ್ಟೆಯಂತೆ, ನೇರ ಕೆಳಕ್ಕೆ ಇಳಿಯಿತು. ಏಳೂ ಜನ ಹೋದರು. ಈಗ ಇಂಥ ವಿಮಾನಗಳಲ್ಲಿ ಪೈಲಟ್‌ನ ಹಿಡಿಕೆ ಮೊದಲು ಗಡಗಡ ನಡುಗಿ ಎಚ್ಚರಿಸತ್ತೆ, ಕೇಳದಿದ್ದರೆ ತಾನೇ ಮುಂದಕ್ಕೆ ತಳ್ಳತ್ತೆ. ಆ ನಡುಕದ ಹಿಂದೆ ಆ ಏಳು ಜನ ಇದ್ದಾರೆ. ಪಾಠ ಕಲಿತ ಮೇಲೂ 1966ರಲ್ಲಿ ಟ್ರೈಡೆಂಟ್ ಒಂದು ಪರೀಕ್ಷೆಯ ವೇಳೆ ಇದೇ ಥರ ಬಿದ್ದು ನಾಲ್ವರು ತೀರಿಕೊಂಡರು. ಆ ಮಾದರಿಯ ಮೊದಲ ಹಾರಾಟವನ್ನು 1962ರಲ್ಲಿ ಕನಿಂಗ್‌ಹ್ಯಾಮ್‌ ಅವರೇ ಮಾಡಿದ್ದರು.

ಇಷ್ಟೆಲ್ಲಾ ಆದರೂ ಕನಿಂಗ್‌ಹ್ಯಾಮ್‌ಗೆ ದೊಡ್ಡ ಪೆಟ್ಟು ಬಿದ್ದದ್ದು ವಿನ್ಯಾಸದ ದೋಷದಿಂದಲ್ಲ. 1975ರ ನವೆಂಬರ್ 20, ಡನ್ಸ್‌ಫೋಲ್ಡ್. ಪುಟ್ಟ ಎಚ್‌ಎಸ್ 125 ಜೆಟ್ ನೆಲ ಬಿಡುತ್ತಿದ್ದಂತೆ ಹಕ್ಕಿಗಳ ಹಿಂಡು ಎಂಜಿನ್‌ಗೆ ನುಗ್ಗಿತು. ವಿಮಾನ ಬೇಲಿ ದಾಟಿ, ರಸ್ತೆ ದಾಟುವಾಗ ಒಂದು ಕಾರಿಗೆ ಬಡಿಯಿತು. ಕಾರಿನಲ್ಲಿದ್ದ ಆರೂ ಜನ ಸತ್ತರು. ವಿಮಾನದಲ್ಲಿದ್ದವರೆಲ್ಲಾ ಬದುಕಿದರು. ಬೆನ್ನುಮೂಳೆಗೆ ಏಟು ತಿಂದ ಕನಿಂಗ್‌ಹ್ಯಾಮ್‌ಗೆ ಆಗ 58 ವರ್ಷ. ವಾಸಿಯಾದ ಮೇಲೆ ಮತ್ತೆ ಹಾರಿಸಿದರು. 1980ರಲ್ಲಿ ನಿವೃತ್ತಿ, 2002ರ ಜುಲೈ 21ರಂದು ನಿಧನ, 85 ತುಂಬೋಕೆ ಆರು ದಿನ ಬಾಕಿ ಇತ್ತು.

ಇದೆಲ್ಲಾ ದೂರದ, ಹಳೇ ಕಾಲದ ಕಥೆ ಅನ್ನಿಸಬಹುದು. ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೈದಿರ್ತೀರಿ. ಆ ಹೆಸರಿನವರು ಎಚ್‌ಎಎಲ್‌ನ ಟೆಸ್ಟ್ ಪೈಲಟ್. ಮಾರುತ್ ಯುದ್ಧವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದವರು, 1970ರಲ್ಲಿ ಅದರದೇ ಇನ್ನೊಂದು ಮಾದರಿಯ ಪರೀಕ್ಷೆಯಲ್ಲಿ ಪ್ರಾಣ ಬಿಟ್ಟವರು.

ಪ್ರಯಾಣಿಕ ವಿಮಾನದ ಕಥೆಯೂ ಇಲ್ಲೇ ಇದೆ. ಬೆಂಗಳೂರಿನ ಎನ್‌ಎಎಲ್ ತಯಾರಿಸಿದ 14 ಸೀಟಿನ ಸರಸ್. 2009ರ ಮಾರ್ಚ್ 6ರ ಮಧ್ಯಾಹ್ನ ಅದರ ಎರಡನೇ ಮಾದರಿ ಬಿಡದಿ ಹತ್ತಿರ ಬಿತ್ತು. ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಹಾರುವಾಗಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸಿ ನೋಡುವುದು ಅವತ್ತಿನ ಪರೀಕ್ಷೆ. ಹೊತ್ತಿಸುವುದಕ್ಕೆ ಬರೆದುಕೊಟ್ಟಿದ್ದ ಕ್ರಮವೇ ಸರಿ ಇರಲಿಲ್ಲ, ಸಾಕಷ್ಟು ಎತ್ತರವೂ ಇರಲಿಲ್ಲ ಅಂತ ತನಿಖೆ ಹೇಳಿತು. ಅವರು ಕೈಯಲ್ಲಿದ್ದ ಕಾಗದದಂತೆಯೇ ಮಾಡಿದ್ದರು.

ಆ ಯೋಜನೆ ವರ್ಷಗಟ್ಟಲೆ ನಿಂತುಹೋಯಿತು. ಆಮೇಲೆ ಮೊದಲ ಮಾದರಿಯನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿದರು. 2018ರ ಜನವರಿ 24ರ ಬೆಳಗ್ಗೆ ಎಚ್‌ಎಎಲ್ ರನ್‌ವೇಯಲ್ಲಿ ವಾಯುಪಡೆಯ ಮೂವರು ಅದನ್ನು ಹತ್ತಿದರು. ಸುಮಾರು 40 ನಿಮಿಷ ಹಾರಿಸಿ ಇಳಿಸಿದರು.